ಎಳೆಯ ಮಕ್ಕಳ ನುಡಿ: ಮನೆಯೂ ಬಾಲವಾಡಿಯೂ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ಹಿರಿಯರ ಗಾದೆ. ಹೋಟೆಲುಗಾರರಾದ ನಾವು ಈ ಗಾದೆಯ ಪೂರ್ವಾರ್ಧವನ್ನು ನಂಬಿ ಬಾಳುವವರು. ಇಡ್ಲಿಯ ಹಿಟ್ಟು ಎಷ್ಟು ಹೊತ್ತು ಉಬ್ಬಬೇಕು, ಚಳಿಗಾಲದಲ್ಲಿ ಅದನ್ನು ಎಲ್ಲಿ ಇಡಬೇಕು ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ನಮ್ಮ ಮನೆಯ ಮಗುವಿಗೆ ಮಾತು ಹೇಗೆ ಬರುತ್ತದೆ, ಅದಕ್ಕೆ ಎಂತಹ ಪೋಷಣೆ ಬೇಕು ಎಂಬ ಉತ್ತರಾರ್ಧದ ವಿಚಾರವನ್ನು ಮಾಡುವವರು ವಿರಳ.

ವಾಕಡದಂತಹ ಊರಿನಲ್ಲಿ ಈ ವಿಚಾರಕ್ಕೆ ವಿಶೇಷ ಮಹತ್ವವಿದೆ. ಮುಂಬಯಿ-ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ, ಹಿಂಜವಡಿಯ ಕಂಪ್ಯೂಟರ್ ಉದ್ಯಮಗಳ ನೆರೆಯಲ್ಲಿ ಬೆಳೆದ ಈ ಊರಿಗೆ ದೇಶದ ಮೂಲೆಮೂಲೆಯ ಜನರು ಬಂದು ನೆಲೆಸಿದ್ದಾರೆ. ಇಲ್ಲಿಯ ಅಡುಗೆಭಟ್ಟರ ಅಥವಾ ಗುಮಾಸ್ತರ ಮೂರು ವರ್ಷದ ಮಗುವು ತಾಯಿಯ ಬಾಯಿಂದ ತುಳುವನ್ನೋ ಕೊಂಕಣಿಯನ್ನೋ ಕುಂದಾಪುರದ ಕನ್ನಡವನ್ನೋ ಕೇಳುತ್ತದೆ; ಓಣಿಯಲ್ಲಿ ಮರಾಠಿ, ಕಾವಲುಗಾರನಿಂದ ಹಿಂದಿ, ನರ್ಸರಿಯಲ್ಲಿ ಇಂಗ್ಲಿಷು. ‘ಅಮ್ಮಾ, ಪಾಣಿ ಬೋಡು’ ಎಂದು ಮರಾಠಿಯ ನೀರನ್ನು ತುಳುವಿನಲ್ಲಿ ಬೇಡುವ ಮಕ್ಕಳು ನಮ್ಮಲ್ಲಿ ಅಪರೂಪವಲ್ಲ. ಇದನ್ನು ಕೇಳಿ ತಂದೆತಾಯಿಗಳು ಗಾಬರಿಗೊಳ್ಳುತ್ತಾರೆ. ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿರೆಂದು ನರ್ಸರಿಯವರು ಉಪದೇಶಿಸುವುದುಂಟು. ಅಂದಿನಿಂದ ತಾಯಿಯು ತನಗೆ ಸರಿಯಾಗಿ ಬಾರದ ಭಾಷೆಯ ನಾಲ್ಕು ಪದಗಳಲ್ಲಿ ಮಗುವಿನೊಡನೆ ವ್ಯವಹರಿಸತೊಡಗುತ್ತಾಳೆ. ಇದು ಮಗುವಿಗೆ ಹಿತವೇ? ಶಾಸ್ತ್ರಜ್ಞರ ಉತ್ತರವು ‘ಅಲ್ಲ’ ಎಂದೇ ಇದೆ.

ಮಾತು ಬರುವ ಬಗೆ

ಮಗುವು ತುಟಿ ಬಿಚ್ಚುವ ಮೊದಲೇ ಅದರ ಕಿವಿ ಪಾಠ ಆರಂಭಿಸಿರುತ್ತದೆ. 1984ರಲ್ಲಿ ಕೆನಡಾದ ವಿದ್ವಾಂಸರಿಬ್ಬರು ಪ್ರಕಟಿಸಿದ ಪ್ರಯೋಗವೊಂದು ನಮಗೆ ಸುಲಭವಾಗಿ ಅರ್ಥವಾಗತಕ್ಕದ್ದು. ಹಿಂದಿಯ ‘ತ’ ಮತ್ತು ‘ಟ’ ಎಂಬ ಧ್ವನಿಗಳ ಭೇದವು ಇಂಗ್ಲಿಷಿನಲ್ಲಿಲ್ಲ. ಇಂಗ್ಲಿಷು ಮಾತ್ರ ಬಲ್ಲ ವಯಸ್ಕರಿಗೆ ಅದು ತಿಳಿಯುವುದೇ ಕಷ್ಟ. ಆದರೆ ಇಂಗ್ಲಿಷರ ಮನೆಯ ಆರೆಂಟು ತಿಂಗಳ ಶಿಶುಗಳು ಆ ಭೇದವನ್ನು ಚೆನ್ನಾಗಿ ಗುರುತಿಸಿದವು. ಅವೇ ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಂದಿತ್ತು. ಸುತ್ತಲೂ ಕೇಳದ ಧ್ವನಿಯನ್ನು ಕಿವಿ ಬಿಟ್ಟುಕೊಡುತ್ತದೆ, ಕೇಳಿದ್ದನ್ನು ಗಟ್ಟಿಮಾಡಿಕೊಳ್ಳುತ್ತದೆ ಎಂದು ಇದರ ತಾತ್ಪರ್ಯ.

ಹಾಗಾದರೆ ಮೊಬೈಲ್ ಫೋನಿನಲ್ಲಿ ಹಾಡು-ಚಿತ್ರಗಳನ್ನು ಹಾಕಿಕೊಟ್ಟರೆ ಸಾಲದೇ ಎಂದು ಕೇಳುವವರುಂಟು. ಅಮೆರಿಕೆಯ ಸಿಯಾಟಲ್ ನಗರದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗವು ಇದಕ್ಕೆ ಸಮಾಧಾನ ಹೇಳುತ್ತದೆ. ಒಂಬತ್ತು ತಿಂಗಳ ಶಿಶುಗಳಿಗೆ ಹನ್ನೆರಡು ಬೈಠಕ್ಕುಗಳಲ್ಲಿ ಚೀನೀ ಭಾಷೆಯನ್ನು ಕೇಳಿಸಲಾಯಿತು. ಎದುರಿಗೆ ಕುಳಿತು ಆಡಿಸುತ್ತ ಮಾತನಾಡಿದ ಮನುಷ್ಯರಿಂದ ಶಿಶುಗಳು ಆ ಭಾಷೆಯ ಧ್ವನಿಭೇದವನ್ನು ಕಲಿತವು. ಅದೇ ಮಾತನ್ನು ಚಲಚ್ಚಿತ್ರದಲ್ಲಿ ನೋಡಿದ ಶಿಶುಗಳೂ ಧ್ವನಿಮುದ್ರಣದಲ್ಲಿ ಕೇಳಿದ ಶಿಶುಗಳೂ ಏನನ್ನೂ ಕಲಿಯಲಿಲ್ಲ. ಶಿಶುವಿಗೆ ಭಾಷೆಯನ್ನು ಕೊಡುವುದು ಕೇವಲ ಶಬ್ದವಲ್ಲ, ತನ್ನತ್ತ ತಿರುಗಿ ಮಾತನಾಡುವ ಒಂದು ಮುಖ.

ಬಾಲವಾಡಿಯ ಕೆಲಸ

ಮೂರರಿಂದ ಆರು ವರ್ಷದ ಅವಧಿಯಲ್ಲಿ ಈ ಕೆಲಸದ ದೊಡ್ಡ ಪಾಲು ಬಾಲವಾಡಿಗೆ ಸೇರಿದ್ದು. ಮನೆಯಲ್ಲಿ ಮಗುವು ‘ನೀರು, ಅನ್ನ, ಬಾ, ಹೋಗು’ ಎಂದರೆ ತಾಯಿಗೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಬಾಲವಾಡಿಯ ಗೆಳೆಯನಿಗೆ ಹಾಗೆ ತಿಳಿಯದು. ಅವನಿಗೆ ನಿನ್ನೆ ನಡೆದದ್ದನ್ನು ಹೇಳಬೇಕಾದರೆ ‘ಯಾರು, ಎಲ್ಲಿ, ಏಕೆ, ಆಮೇಲೆ’ ಎಂದು ಮಾತನ್ನು ಹೆಣೆಯಬೇಕಾಗುತ್ತದೆ. ಕಥೆ ಹೇಳುವುದು, ಪ್ರಶ್ನೆ ಕೇಳುವುದು, ಸರದಿ ಕಾಯುವುದು ಎಲ್ಲವೂ ಇಲ್ಲಿಯೇ ಆರಂಭ. ನಾಳೆ ಪುಸ್ತಕ ಓದಿ ಅರ್ಥಮಾಡಿಕೊಳ್ಳುವ ಶಕ್ತಿಗೆ ಇದೇ ತಳಹದಿ.

2018ರಲ್ಲಿ ಅಮೆರಿಕೆಯ ಸಂಶೋಧಕರು ನಾಲ್ಕರಿಂದ ಆರು ವರ್ಷದ 36 ಮಕ್ಕಳ ಮನೆಮಾತನ್ನು ಧ್ವನಿಮುದ್ರಿಸಿ, ಅವರ ಮೆದುಳಿನ ಚಟುವಟಿಕೆಯೊಡನೆ ಹೋಲಿಸಿದರು. ಮಗುವಿನ ಕಿವಿಗೆ ಬಿದ್ದ ಪದಗಳ ಸಂಖ್ಯೆಗಿಂತ, ಮಗುವೂ ಹಿರಿಯರೂ ಸರದಿಯಂತೆ ಆಡಿಕೊಂಡ ಮಾತಿಗೇ ಭಾಷಾಶಕ್ತಿಯೊಡನೆ ಹೆಚ್ಚಿನ ಸಂಬಂಧ ಕಂಡುಬಂತು. ಆದುದರಿಂದ ಐವತ್ತು ಮಕ್ಕಳನ್ನು ಕೂರಿಸಿ ಇಂಗ್ಲಿಷು ಪದ್ಯವನ್ನು ಒಕ್ಕೊರಲಿನಿಂದ ಹೇಳಿಸುವ ನರ್ಸರಿಗಿಂತ, ‘ಇಂದು ಬರುವಾಗ ದಾರಿಯಲ್ಲಿ ಏನು ನೋಡಿದೆ?’ ಎಂದು ಕೇಳಿ ಉತ್ತರಕ್ಕಾಗಿ ಕಾಯುವ ಬಾಲವಾಡಿಯೇ ಮೇಲು. ಇಂಗ್ಲಿಷು ಪದ್ಯ ಒಪ್ಪಿಸಿದ ಮಗುವನ್ನು ನೋಡಿ ನೆಂಟರು ಮೆಚ್ಚಬಹುದು. ಅದರ ಒಂದು ಪದದ ಅರ್ಥವನ್ನಾದರೂ ಮಗುವನ್ನು ಕೇಳಿ ನೋಡಬೇಕು.

ಈ ಮಾತು ಪರದೇಶದಿಂದ ಬಂದ ಹೊಸ ವಿಚಾರವೇನೂ ಅಲ್ಲ. ಗಿಜುಭಾಯಿ ಬಧೇಕಾ ಅವರು 1920ರಲ್ಲಿಯೇ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು, ಕಥೆ-ಆಟಗಳ ಮೂಲಕ ಮಕ್ಕಳಿಗೆ ಸ್ವಭಾಷೆಯಲ್ಲಿ ಶಿಕ್ಷಣ ಕೊಟ್ಟರು. ಅವರೊಡನೆ ದುಡಿದ ತಾರಾಬಾಯಿ ಮೋಡಕರು 1945ರಲ್ಲಿ ಈಗಿನ ಪಾಲಘರ ಜಿಲ್ಲೆಯ ಬೋರ್ಡಿಗೆ ಬಂದು ನೆಲೆಸಿದರು. ಬಡವರ ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂಬುದು ಅವರ ತತ್ತ್ವ. ‘ಅಂಗಣವಾಡಿ’ ಎಂಬ ಪದವು ಅಲ್ಲಿಂದಲೇ ಬಂದದ್ದು. ಅದು ನಮ್ಮ ಅಂಗಳವೇ. 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರವು ದೇಶದ 33 ಕಡೆಗಳಲ್ಲಿ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಕರ್ನಾಟಕದಲ್ಲಿ ಅದು ಮೊದಲು ನೆಲೆಗೊಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಂದು ಅಂಗನವಾಡಿಗಳು ದೇಶವ್ಯಾಪಿಯಾಗಿವೆ. ಶುಲ್ಕವಿಲ್ಲ, ಮಗುವಿಗೆ ಪೌಷ್ಟಿಕ ಆಹಾರವೂ ಉಂಟು. ‘ಅದು ಬಡವರದ್ದು’ ಎಂದು ಮೂಗು ಮುರಿಯುವ ಮೊದಲು ನಮ್ಮವರು ಒಮ್ಮೆ ಒಳಹೊಕ್ಕು ನೋಡುವುದು ಲೇಸು.

ಯಾವ ಭಾಷೆ?

ಪುಣೆಯ ಅಂಗನವಾಡಿಯ ಭಾಷೆ ಮರಾಠಿ. ಕನ್ನಡದ ಮಗು ಅಲ್ಲಿ ಕೆಡುವುದಿಲ್ಲವೇ ಎಂಬ ಭಯಕ್ಕೆ ಕಾರಣವಿಲ್ಲ; ಆದರೆ ಒಂದು ನಿಬಂಧನೆಯುಂಟು. ಮನೆಯಲ್ಲಿ ಮನೆಯ ಮಾತು ತುಂಬಿ ಹರಿಯುತ್ತಿರಬೇಕು. ಎರಡು ಭಾಷೆ ಕೇಳುವ ಮಗುವಿಗೆ ಒಂದೊಂದರಲ್ಲಿ ಪದಗಳು ಕೊಂಚ ಕಡಿಮೆಯಿರಬಹುದು. ಎರಡನ್ನೂ ಕೂಡಿಸಿದರೆ ಲೆಕ್ಕ ಸಾಮಾನ್ಯವಾಗಿ ಸರಿಹೋಗುತ್ತದೆ. ಮಾತು ಬೆರೆಸುವುದು ರೋಗವಲ್ಲ. ‘ಪಾಣಿ’ಯೂ ‘ಬೋಡು’ವೂ ಕಾಲಕ್ರಮದಲ್ಲಿ ತಮ್ಮ ತಮ್ಮ ಮನೆಗೆ ಸೇರಿಕೊಳ್ಳುತ್ತವೆ.

ನಮ್ಮ ಸಾಹಿತ್ಯವೇ ಇದಕ್ಕೆ ಸಾಕ್ಷಿ. ಬೇಂದ್ರೆಯವರ ಮನೆಮಾತು ಮರಾಠಿ. ಅವರು ಓದಿದ್ದು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಮಾಸ್ತಿಯವರ ಮನೆಮಾತು ತಮಿಳು, ಕನ್ನಡದ ಮಕ್ಕಳಿಗೆ ಹಾಡು-ಕಥೆಗಳನ್ನು ಕೊಟ್ಟ ಪಂಜೆ ಮಂಗೇಶರಾಯರದು ಕೊಂಕಣಿ, ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಮನೆಯ ನುಡಿ ಇವರಲ್ಲಿ ಯಾರ ಕನ್ನಡಕ್ಕೂ ಅಡ್ಡಿಯಾಗಲಿಲ್ಲ. ತುಳು ಆಡುವ ತಾಯಿಯು ತನ್ನ ಮಗುವಿನ ವಿದ್ಯೆಗೆ ತಡೆಯಾಗುತ್ತಿದ್ದೇನೆಂದು ಅಳುಕಬೇಕಾದ್ದಿಲ್ಲ.

ಕಾನೂನಿನ ಮಾತೂ ಇದಕ್ಕೆ ಪೋಷಕವಾಗಿದೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಲು ರಾಜ್ಯಗಳಿಗೆ ಸೂಚಿಸುತ್ತದೆ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯಲ್ಲಿಯೂ ಸಾಂಗಲಿ ಜಿಲ್ಲೆಯ ಜತ್ತದಲ್ಲಿಯೂ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಿದ್ದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತೇ ಮಾಧ್ಯಮವಾಗಿರಲೆಂದು ಹೇಳಿದೆ. ಅದೇ ವರ್ಷ ಮಹಾರಾಷ್ಟ್ರವು ಶಾಲೆಗಳಲ್ಲಿ ಮರಾಠಿಯ ಬೋಧನೆಯನ್ನು ಕಡ್ಡಾಯಗೊಳಿಸುವ ಶಾಸನ ಮಾಡಿತು. ಇಲ್ಲಿ ಬೆಳೆಯುವ ಮಗುವಿಗೆ ಮರಾಠಿ ಹೇಗೂ ಬೇಕಾದದ್ದೇ. ನಾಲ್ಕರ ವಯಸ್ಸಿನಲ್ಲಿ ಓಣಿಯ ಗೆಳೆಯರೊಡನೆ ಕಲಿತರೆ ಅದು ಆಟದಷ್ಟೇ ಸುಲಭ.

ನಾವು ಮಾಡಬಹುದಾದದ್ದು

ಬೆಳಿಗ್ಗೆ ಐದಕ್ಕೆ ಭಟ್ಟಿ ಹೊತ್ತಿಸಿ ರಾತ್ರಿ ಹನ್ನೊಂದಕ್ಕೆ ಕದ ಹಾಕುವವನಿಗೆ ಮಗುವಿನ ಎಚ್ಚರದ ಮುಖ ಕಾಣುವುದೇ ಅಪರೂಪ. ಗಲ್ಲಾದ ಮೇಲೆ ವರ್ಷಗಟ್ಟಲೆ ಕುಳಿತ ನನಗೆ ಇದು ತಿಳಿಯದ್ದಲ್ಲ. ಆದುದರಿಂದಲೇ ಮಧ್ಯಾಹ್ನದ ವಿರಾಮದ ಅರ್ಧ ಗಂಟೆಯೂ ವಾರದ ರಜೆಯೂ ಅಮೂಲ್ಯವಾದವು. ಮಗುವಿಗೆ ಊರಿನ ಕಥೆ ಹೇಳಿರಿ. ತರಕಾರಿಯ ಹೆಸರು ಕೇಳಿರಿ. ಅದು ತೊದಲಿದರೆ ನಗದೆ, ಮಾತು ಮುಗಿಯುವವರೆಗೆ ಕಾಯಿರಿ. ಕುಟುಂಬವು ಊರಿನಲ್ಲಿಯೇ ಇದ್ದರೆ ಫೋನಿನಲ್ಲಿ ಮಗುವಿನೊಡನೆ ನೇರವಾಗಿ ಮಾತನಾಡಿರಿ. ಹಾಕಿಕೊಟ್ಟ ಚಿತ್ರವು ಉತ್ತರಿಸದು, ತಂದೆ ಉತ್ತರಿಸುತ್ತಾನೆ. ಮಾಲೀಕರು ಮಕ್ಕಳೊಂದಿಗರಾದ ಕೆಲಸಗಾರರ ವಾರದ ರಜೆಯನ್ನು ತಪ್ಪಿಸಬಾರದು. ಎರಡು ವರ್ಷ ತುಂಬಿದ ಮಗುವು ಎರಡು ಪದ ಜೋಡಿಸಿ ಆಡದಿದ್ದರೆ ‘ನಿಧಾನವಾಗಿ ಬರುತ್ತದೆ’ ಎಂದು ಸುಮ್ಮನಿರದೆ ವೈದ್ಯರಲ್ಲಿ ಕಿವಿಯ ಪರೀಕ್ಷೆ ಮಾಡಿಸಬೇಕು.

ಬಾಲವಾಡಿಯನ್ನು ಆರಿಸುವಾಗ ಗೋಡೆಯ ಬಣ್ಣವನ್ನೂ ಫಲಕದ ಇಂಗ್ಲಿಷು ಹೆಸರನ್ನೂ ನೋಡಬೇಡಿರಿ. ಬಾಗಿಲ ಬಳಿ ಹತ್ತು ನಿಮಿಷ ನಿಂತು ಕೇಳಿರಿ. ಒಳಗೆ ಶಿಕ್ಷಕಿಯ ಧ್ವನಿಯೊಂದೇ ಕೇಳುತ್ತಿದೆಯೋ, ಮಕ್ಕಳದೂ ಕೇಳುತ್ತಿದೆಯೋ? ಮಕ್ಕಳ ಧ್ವನಿಯಿರುವಲ್ಲಿ ನಿಮ್ಮ ಮಗುವನ್ನು ಬಿಡಿರಿ. ಮನೆಗೆ ಮರಳಿದೊಡನೆ ಅಂದಿನ ಸುದ್ದಿಯನ್ನು ನಿಮ್ಮ ಮಾತಿನಲ್ಲಿ ಕೇಳಿರಿ. ದೊಡ್ಡ ನರ್ಸರಿಯ ಶುಲ್ಕ ಕಟ್ಟುವ ಶಕ್ತಿ ನಮ್ಮಲ್ಲಿ ಎಲ್ಲರಿಗೂ ಇರಲಾರದು. ಮಗುವಿನೊಡನೆ ಮಾತನಾಡುವ ಶಕ್ತಿ ಎಲ್ಲರಿಗೂ ಉಂಟು.