ಮನೆಯ ಗಣಕಯಂತ್ರ ಮತ್ತು ಗಣನದಾನ

ಮನೆಯಲ್ಲಿರುವ ಗಣಕಯಂತ್ರವು ದಿನದ ಬಹುಭಾಗ ಸುಮ್ಮನೆ ಕುಳಿತಿರುತ್ತದೆ. ಪತ್ರ ಬರೆಯುವಾಗಲೂ ಅದರ ಶಕ್ತಿಯಲ್ಲಿ ಅಲ್ಪಾಂಶವಷ್ಟೇ ವಿನಿಯೋಗವಾಗುವುದು. ಉಳಿದ ಶಕ್ತಿಯನ್ನು ವಿಜ್ಞಾನಿಗಳಿಗೆ ಧಾರೆಯೆರೆಯುವ ಪದ್ಧತಿಯೊಂದುಂಟು. ಮಹತ್ತಾದ ಲೆಕ್ಕವೊಂದನ್ನು ಲಕ್ಷಾಂತರ ತುಣುಕುಗಳಾಗಿ ಒಡೆದು, ಅಂತರ್ಜಾಲದ ಮೂಲಕ ಮನೆಮನೆಗೆ ಕಳುಹಿಸಿ, ಬಂದ ಉತ್ತರಗಳನ್ನು ಒಂದುಗೂಡಿಸುವುದೇ ಅದರ ಕ್ರಮ.

ಈ ಪದ್ಧತಿಯನ್ನು ಲೋಕಪ್ರಸಿದ್ಧಗೊಳಿಸಿದುದು ಅಮೆರಿಕದ ಬರ್ಕ್ಲಿಯಲ್ಲಿ 1999ರ ಮೇ ತಿಂಗಳಿನಲ್ಲಿ ಆರಂಭವಾದ ‘ಸೆಟಿ ಅಟ್ ಹೋಮ್’ ಯೋಜನೆ. ಪೋರ್ಟೊ ರಿಕೊ ದ್ವೀಪದ ಅರೆಸಿಬೊ ದೂರದರ್ಶಕವು ಹಿಡಿದ ರೇಡಿಯೋ ಅಲೆಗಳಲ್ಲಿ ಅನ್ಯಲೋಕದ ಜೀವಿಗಳ ಸಂಕೇತವನ್ನು ಅರಸುವುದು ಅದರ ಉದ್ದೇಶ. 50 ಲಕ್ಷಕ್ಕೂ ಮಿಕ್ಕ ಜನ ಅದರಲ್ಲಿ ಪಾಲ್ಗೊಂಡರು. ಸಂಕೇತವು ದೊರೆಯಲಿಲ್ಲ; 2020ರ ಮಾರ್ಚ್ 31ರಂದು ಲೆಕ್ಕ ಹಂಚುವ ಕಾರ್ಯವೂ ನಿಂತಿತು. ಆದರೆ ಆ ಪ್ರಯತ್ನದಿಂದ ಹುಟ್ಟಿದ ‘ಬಾಯಿಂಕ್’ ತಂತ್ರಾಂಶವನ್ನು ಬೇರೆ ಅನೇಕ ಯೋಜನೆಗಳು ಬಳಸಿಕೊಂಡವು. ಅವುಗಳಲ್ಲೊಂದಾದ ‘ಐನ್‌ಸ್ಟೈನ್ ಅಟ್ ಹೋಮ್’ ಮೂಲಕ 2010ರಲ್ಲಿ, ಅಮೆರಿಕದ ಅಯೋವಾ ಮತ್ತು ಜರ್ಮನಿಯ ಮೈಂಜ್‌ನಲ್ಲಿದ್ದ ಯಂತ್ರಗಳು ಅದುವರೆಗೆ ಅಜ್ಞಾತವಾಗಿದ್ದ ಪಲ್ಸರ್ ನಕ್ಷತ್ರವೊಂದನ್ನು ಪತ್ತೆಹಚ್ಚಿದವು.

ಬಾಯಿಂಕನ್ನು ಅಳವಡಿಸುವುದು ಕಷ್ಟವಲ್ಲ. ಅಳವಡಿಸಿದ ಮೇಲೆ ಮಿತಿಗಳನ್ನು ನಿಗದಿಪಡಿಸುವುದರಲ್ಲಿಯೇ ವಿವೇಕವಿರುವುದು. ಒಡೆಯನು ಯಂತ್ರವನ್ನು ಬಳಸುತ್ತಿರುವಾಗ ಲೆಕ್ಕ ನಿಲ್ಲಬೇಕೆ, ಸಂಸ್ಕಾರಕದ ಎಷ್ಟು ಪಾಲನ್ನು ಬಿಟ್ಟುಕೊಡಬೇಕು, ಸ್ಮೃತಿಯಲ್ಲಿ ಎಷ್ಟನ್ನು ಮೀಸಲಿಡಬೇಕು ಎಂಬುದೆಲ್ಲ ಅವನ ಇಚ್ಛೆಗೆ ಬಿಟ್ಟದ್ದು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುವಾಗ ಲೆಕ್ಕ ನಿಲ್ಲುವಂತೆ ಮಾಡುವುದು ಒಳಿತು.

ಎಂದೂ ಬೆವರದ ಯಂತ್ರವು ಈ ಕಾರ್ಯಕ್ಕಿಳಿದೊಡನೆ ಕಾಯತೊಡಗುತ್ತದೆ. ಆದುದರಿಂದ ಮೊದಲ ಸುಧಾರಣೆ ಹೊಸ ಬಿಡಿಭಾಗವಲ್ಲ, ಒಳಗಿನ ಧೂಳನ್ನು ತೆಗೆದು ಫ್ಯಾನಿಗೆ ಉಸಿರಾಡಲು ಎಡೆಮಾಡುವುದು. ಅನಂತರ ಸ್ಮೃತಿಯ ಹೆಚ್ಚಳ. ಹಲವು ತುಣುಕುಗಳು ಏಕಕಾಲದಲ್ಲಿ ನಡೆಯುವಾಗ ಪ್ರತಿಯೊಂದಕ್ಕೂ ಅದರ ಪಾಲು ಬೇಕಷ್ಟೆ. ಸಾವಿರಾರು ಕಿರುಗಣಕಗಳನ್ನು ಒಡಲಲ್ಲಿರಿಸಿಕೊಂಡ ಗ್ರಾಫಿಕ್ಸ್ ಕಾರ್ಡು ಕೆಲವು ಬಗೆಯ ಲೆಕ್ಕಗಳನ್ನು ಬಹುಪಾಲು ವೇಗದಿಂದ ಮುಗಿಸುವುದು ನಿಜ. ಆದರೆ ಅದರ ಹಸಿವನ್ನು ತಣಿಸುವಷ್ಟು ಸಾಮರ್ಥ್ಯ ವಿದ್ಯುತ್ ಪೂರೈಕೆಯ ಪೆಟ್ಟಿಗೆಗೆ ಇದೆಯೇ ಎಂದು ಮೊದಲು ನೋಡಬೇಕು.

ಸಂಸ್ಕಾರಕವನ್ನು ನಿಗದಿತ ವೇಗಕ್ಕಿಂತ ಮಿಗಿಲಾಗಿ ಓಡಿಸುವ ಹವ್ಯಾಸವು ಕೆಲವರಲ್ಲಿದೆ. ಆಟಕ್ಕೆ ಅದು ಸಲ್ಲಬಹುದು, ಇಲ್ಲಿ ಸಲ್ಲದು. ಅತಿವೇಗದಿಂದಲೂ ಅತಿಶಾಖದಿಂದಲೂ ಒಂದು ಅಂಕಿ ತಪ್ಪಿದರೆ ಉತ್ತರವೇ ಕೆಡುತ್ತದೆ. ಅನೇಕ ಯೋಜನೆಗಳು ಒಂದೇ ತುಣುಕನ್ನು ಇಬ್ಬರಿಗೆ ಕೊಟ್ಟು ಉತ್ತರಗಳನ್ನು ಹೋಲಿಸುವುದು ಈ ಕಾರಣಕ್ಕಾಗಿಯೇ. ಅವು ಹೊಂದದಿದ್ದರೆ ಮೂರನೆಯವನು ಅದೇ ಲೆಕ್ಕವನ್ನು ಮತ್ತೆ ಮಾಡಬೇಕಾಗುವುದು. ಒಬ್ಬನ ಆತುರಕ್ಕೆ ಇನ್ನೊಬ್ಬನ ಶ್ರಮ ತೆರಬೇಕಾಗುವುದು.

ಬಿಡುವಿನ ಶಕ್ತಿಯನ್ನು ಕೊಡುವುದರಿಂದ ಖರ್ಚೇನೂ ಇಲ್ಲವೆಂಬ ಮಾತು ವಾಡಿಕೆಯಲ್ಲಿದೆ. ಅದು ಸರಿಯಲ್ಲ. ಇಲ್ಲಿ ದಾನವಾಗುವುದು ವಾಸ್ತವವಾಗಿ ವಿದ್ಯುತ್ತು. ಲೆಕ್ಕದ ನಿಮಿತ್ತ 100 ವಾಟ್ ಹೆಚ್ಚಾಗಿ ವ್ಯಯವಾದರೆ ದಿನಕ್ಕೆ 2.4 ಯೂನಿಟ್, 30 ದಿನಗಳಿಗೆ 72 ಯೂನಿಟ್ ಆಗುವುದು. ಹಳೆಯ ಯಂತ್ರವನ್ನು ಎಸೆಯಲು ಮನಸ್ಸೊಪ್ಪದೆ ಹಗಲಿರುಳು ಓಡಿಸುವವರು ತಾವು ಮಿತವ್ಯಯಿಗಳೆಂದು ಭಾವಿಸುವುದುಂಟು. ಅಷ್ಟೇ ಲೆಕ್ಕವನ್ನು ಹೊಸ ಯಂತ್ರವು ಸಾಮಾನ್ಯವಾಗಿ ಎಷ್ಟೋ ಕಡಿಮೆ ವಿದ್ಯುತ್ತಿನಲ್ಲಿ ಮುಗಿಸುತ್ತದೆ. ಹಾಗೆಂದು ಇದಕ್ಕಾಗಿಯೇ ಹೊಸ ಯಂತ್ರವನ್ನು ಕೊಳ್ಳಬೇಕಾಗಿಲ್ಲ. ಇದ್ದುದರಲ್ಲಿಯೇ ಸಂಸ್ಕಾರಕದ ಪಾಲನ್ನು ತಗ್ಗಿಸಿದರೆ ಶಾಖವೂ ವ್ಯಯವೂ ತಗ್ಗುವುವು.

ಚಳಿನಾಡಿನ ಮನೆಯಲ್ಲಿ ಯಂತ್ರದ ಶಾಖವು ಹೇಮಂತದ ಕೋಣೆಯನ್ನು ಬೆಚ್ಚಗಿಡಲು ಒದಗುತ್ತದೆ. ಸೆಕೆಯ ನಾಡಿನಲ್ಲಿ ಅದೇ ಶಾಖ ಹೊರೆಯಾದುದರಿಂದ, ಲೆಕ್ಕವು ರಾತ್ರಿಯ ತಂಪಿನಲ್ಲಿ ಮಾತ್ರ ನಡೆಯುವಂತೆ ಬಾಯಿಂಕಿನಲ್ಲಿ ವೇಳೆಯನ್ನು ಗೊತ್ತುಪಡಿಸಿಡಬಹುದು.