ಕೆಜಿಎಫ್‌ಗೆ ಹೊಸಬರಾ? ಚರ್ಚ್ ಹುಡುಕೋದು ಹೀಗೆ

ಪುಟ್ಟ ಮಕ್ಕಳನ್ನ ಕರ್ಕೊಂಡು ಕೆಜಿಎಫ್‌ಗೋ ಬಂಗಾರಪೇಟೆಗೋ ಹೊಸದಾಗಿ ಬಂದಿದ್ದೀರಾ? ಇಲ್ಲಿ ಚರ್ಚ್‌ಗಳಿಗೆ ಬರವಿಲ್ಲ. ನಿಮ್ಮ ಮನೆಯವರೆಲ್ಲ ಒಗ್ಗಿಕೊಳ್ಳೋ ಚರ್ಚ್ ಯಾವುದು ಅನ್ನೋದೇ ಪ್ರಶ್ನೆ.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿನ ಚಿನ್ನದ ಗಣಿಗೆ ಕೈಹಾಕಿದ ಮೇಲೆ ಇಂಗ್ಲಿಷ್ ಅಧಿಕಾರಿಗಳು, ಆಂಗ್ಲೋ-ಇಂಡಿಯನ್ನರು, ತಮಿಳು ಕಾರ್ಮಿಕರು ಬಂದು ನೆಲೆಸಿದರು. ಜೊತೆಗೆ ಚರ್ಚ್‌ಗಳೂ ಎದ್ದವು: ಊರಿಗಾಂನಲ್ಲಿ ಸೇಂಟ್ ಮೈಕೆಲ್ಸ್, ಚಾಂಪಿಯನ್ ರೀಫ್ಸ್‌ನಲ್ಲಿ ಕ್ಯಾಥೊಲಿಕರ ಅವರ್ ಲೇಡಿ ಆಫ್ ವಿಕ್ಟರೀಸ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಆರಾಧನೆ ನಿಲ್ಲಲಿಲ್ಲ.

ಮೊದಲು ಭಾಷೆ. ಕೆಜಿಎಫ್‌ನಲ್ಲಿ ತಮಿಳು ಆರಾಧನೆಯೇ ಹೆಚ್ಚು. ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ಬೇಕಿದ್ದರೆ ಎಷ್ಟು ಹೊತ್ತಿಗೆ ಅಂತ ಫಾದರನ್ನೋ ಪಾಸ್ಟರನ್ನೋ ಕೇಳಿ. ಸಂಡೇ ಸ್ಕೂಲ್ ಯಾವ ಭಾಷೆಯಲ್ಲಿ ನಡೆಯುತ್ತೆ ಅನ್ನೋದನ್ನಂತೂ ಕೇಳಲೇಬೇಕು. ದೊಡ್ಡವರು ಹೇಗೋ ಹೊಂದಿಕೊಳ್ತೀವಿ. ಮಗುವಿಗೆ ಅಲ್ಲಿ ಗೆಳೆಯರು ಸಿಗಬೇಕು.

ವಾರವೆಲ್ಲ ಮುಂಜಾನೆ ರೈಲು ಹಿಡಿದು ಬೆಂಗಳೂರಿಗೆ ಓಡಾಡೋರಿಗೆ ಮನೆಯವರ ಜೊತೆ ಇರೋಕೆ ಸಿಗೋದು ಭಾನುವಾರ ಒಂದೇ. ಹಾಗಾಗಿ ನಡೆದು ಹೋಗುವಷ್ಟು ಹತ್ತಿರದ ಚರ್ಚೇ ಮೇಲು ಅಂತೀನಿ.

ಆರಾಧನೆ ಮಧ್ಯೆ ಮಗು ಅತ್ತಾಗ ಸುತ್ತಲಿನವರು ಏನು ಮಾಡ್ತಾರೆ, ಗಮನಿಸಿ. ಮುಖ ಸಿಂಡರಿಸ್ತಾರಾ, ಪಕ್ಕದ ಅಜ್ಜಿ ಕೈಚಾಚಿ ಎತ್ತಿಕೊಳ್ತಾರಾ? ಹಾಗಂತ ಒಂದೇ ವಾರಕ್ಕೆ ತೀರ್ಮಾನ ಬೇಡ, ಮತ್ತೆ ಹೋಗಿ.

ಹಳೆಯ ಚರ್ಚ್‌ನಿಂದ ಸದಸ್ಯತ್ವದ ಪತ್ರ, ಮಕ್ಕಳ ದೀಕ್ಷಾಸ್ನಾನದ ಸರ್ಟಿಫಿಕೇಟ್ ತಂದಿಟ್ಟುಕೊಳ್ಳಿ.

ಈಗಾಗಲೇ ಇಲ್ಲಿನ ಸಭೆಯಲ್ಲಿರೋರಿಗೂ ಒಂದು ಮಾತು. ಈ ಭಾನುವಾರ ಹೊಸ ಕುಟುಂಬ ಕಂಡರೆ ಹೆಸರು ಕೇಳಿ, ಪಕ್ಕದಲ್ಲಿ ಕೂರಿಸಿಕೊಳ್ಳಿ.