ಗಣಕಯಂತ್ರದ ನೀರಗಂಟಿ

ಘಟಪ್ರಭೆಯ ನೀರನ್ನು ಆಶ್ರಯಿಸಿದ ಗೋಕಾಕ, ಮೂಡಲಗಿ, ಹುಕ್ಕೇರಿಯ ಸೀಮೆಯಲ್ಲಿ ಕಾಲುವೆಯ ಮಹತ್ವವನ್ನು ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಹಿಡಕಲ್ ಜಲಾಶಯ ತುಂಬಿದ ಮಾತ್ರಕ್ಕೆ ಎಲ್ಲ ಹೊಲಗಳೂ ತಣಿಯುವುದಿಲ್ಲ. ಯಾರ ಹೊಲಕ್ಕೆ ಯಾವಾಗ, ಎಷ್ಟು ಹೊತ್ತು ನೀರು ಹಾಯಬೇಕೆಂಬುದನ್ನು ನೋಡಿಕೊಂಡು ತೂಬನ್ನು ತೆರೆಯುವ, ಮುಚ್ಚುವ ನೀರಗಂಟಿಯೊಬ್ಬನು ಬೇಕು. ಅವನಿಲ್ಲದಿದ್ದರೆ ಮೇಲಿನ ಹೊಲದ ಪೈರು ಕೊಳೆಯುತ್ತದೆ, ಕೆಳಗಿನ ಹೊಲದ ಪೈರು ಒಣಗುತ್ತದೆ. ಗಣಕಯಂತ್ರದೊಳಗೂ ಇಂಥ ಹಂಚಿಕೆ ಎಡೆಬಿಡದೆ ನಡೆಯುತ್ತಿರುತ್ತದೆ. ಪತ್ರ ಬರೆಯುವ ತಂತ್ರಾಂಶ, ಲೆಕ್ಕವಿಡುವ ತಂತ್ರಾಂಶ, ಪ್ರಿಂಟರ್, ಅಂತರ್ಜಾಲದ ಸಂಪರ್ಕ ಇವೆಲ್ಲವುಗಳಿಗೆ ಯಂತ್ರದ ಸ್ಮೃತಿಯನ್ನೂ ಸಮಯವನ್ನೂ ಹಂಚಿಕೊಡುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ವಿಂಡೋಸ್, ಲಿನಕ್ಸ್ ಮೊದಲಾದವು ಇಂಥ ವ್ಯವಸ್ಥೆಗಳು.

ಮನುಷ್ಯನು ಬರೆದ ತಂತ್ರಾಂಶದಲ್ಲಿ ದೋಷಗಳು ಉಳಿಯುವುದು ಸಹಜ. ಕಾಲುವೆಯ ಏರಿಯಲ್ಲಿ ಬಿಲ ಬಿದ್ದಂತೆ, ಈ ದೋಷಗಳ ಮೂಲಕ ದುರುದ್ದೇಶದವರು ಒಳನುಗ್ಗಬಹುದು. ಆದುದರಿಂದ ತಯಾರಕರು ಕಾಲಕಾಲಕ್ಕೆ ತಿದ್ದುಪಡಿಗಳನ್ನು ಕಳುಹಿಸುತ್ತಾರೆ. ಇದು ಬಿಲ ಮುಚ್ಚುವ ಕೆಲಸ. ಕೆಲವು ವರ್ಷಗಳಿಗೊಮ್ಮೆ ಅವರು ಹೊಸ ಆವೃತ್ತಿಯನ್ನೇ ಹೊರತರುತ್ತಾರೆ. ಇದು ಕಾಲುವೆಯನ್ನೇ ಹೊಸದಾಗಿ ಕಟ್ಟಿದಂತೆ. ಈ ಎರಡರ ಭೇದವನ್ನು ತಿಳಿಯದೆ ನಿರ್ಧಾರ ಮಾಡಬಾರದು. ಮೊದಲನೆಯದನ್ನು ಬಹುಕಾಲ ಮುಂದೂಡುವುದು ಅಪಾಯಕರ. ಎರಡನೆಯದನ್ನು ವಿಚಾರಿಸದೆ ಒಪ್ಪುವುದೂ ಅಷ್ಟೇ ಅಪಾಯಕರ.

ಈ ಮಾತಿಗೆ ಇತ್ತೀಚಿನ ಚರಿತ್ರೆಯೇ ಸಾಕ್ಷಿ. ವಿಂಡೋಸಿನ ಒಂದು ದೋಷಕ್ಕೆ 2017ರ ಮಾರ್ಚ್ 14ರಂದು ತಿದ್ದುಪಡಿ ಹೊರಬಂದಿತ್ತು. ಅದನ್ನು ಅಳವಡಿಸಿಕೊಳ್ಳದ ಯಂತ್ರಗಳನ್ನು ಮೇ 12ರಿಂದ ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಹಿಡಿಯತೊಡಗಿತು. ಸುಮಾರು 150 ದೇಶಗಳಲ್ಲಿ ಕಡತಗಳಿಗೆ ಬೀಗ ಬಿದ್ದು, ಬಿಡುಗಡೆಗೆ ಹಣದ ಬೇಡಿಕೆ ಬಂದಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳ ಚಿಕಿತ್ಸೆಯನ್ನೇ ಮುಂದೂಡಬೇಕಾಯಿತು. ಇದು ಆಲಸ್ಯದ ಫಲ. ಇದಕ್ಕೆ ಪ್ರತಿಯಾದ ನಿದರ್ಶನವೂ ಉಂಟು. 2018ರ ಅಕ್ಟೋಬರ್ ತಿಂಗಳಲ್ಲಿ ಬಂದ ವಿಂಡೋಸ್ 10ರ ಹೊಸ ಆವೃತ್ತಿಯನ್ನು ಕೂಡಲೇ ಹಾಕಿಕೊಂಡ ಕೆಲವರ ಕಡತಗಳು ಅಳಿಸಿಹೋದವು. ತಯಾರಕ ಸಂಸ್ಥೆಯು ವಿತರಣೆಯನ್ನು ನಿಲ್ಲಿಸಿ, ದೋಷವನ್ನು ತಿದ್ದಿ, ನವೆಂಬರಿನಲ್ಲಿ ಅದನ್ನು ಮತ್ತೆ ಹೊರತಂದಿತು. ಇದು ಆತುರದ ಫಲ.

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಆ ದಿನ ಯಾವ ಯಂತ್ರವೂ ನಿಂತುಹೋಗಲಿಲ್ಲ. ಆದರೆ ಹೆಚ್ಚುವರಿ ರಕ್ಷಣೆಗೆ ನೋಂದಾಯಿಸಿಕೊಳ್ಳದವರಿಗೆ ಹೊಸ ತಿದ್ದುಪಡಿಗಳು ಬರುವುದು ನಿಂತಿತು. ವಿಂಡೋಸ್ 11ಕ್ಕೆ ಏರಬೇಕೆಂದರೆ ಯಂತ್ರದಲ್ಲಿ ಕನಿಷ್ಠ 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹಸ್ಥಳ, ಗುಪ್ತ ಕೀಲಿಗಳನ್ನು ಕಾಪಾಡುವ ಟಿಪಿಎಂ 2.0 ಎಂಬ ರಕ್ಷಣಾ ಘಟಕ ಇರಬೇಕು. ಯಂತ್ರದ ಸಂಸ್ಕಾರಕವೂ ಅಂಗೀಕೃತ ಪಟ್ಟಿಯಲ್ಲಿರಬೇಕು. ಅನೇಕ ಹಳೆಯ ಯಂತ್ರಗಳಿಗೆ ಈ ಅರ್ಹತೆಯಿಲ್ಲ.

ಇಂಥ ಸ್ಥಿತಿಯಲ್ಲಿ ಎಲ್ಲರಿಗೂ ಒಂದೇ ಉತ್ತರ ಸಲ್ಲದು. ಮೂಡಲಗಿಯಲ್ಲಿ ಒಂದು ಪತ್ತಿನ ಸಹಕಾರ ಸಂಘವಿದೆಯೆಂದು ಭಾವಿಸಬಹುದು. ಅದರ ಯಂತ್ರದಲ್ಲಿ ನೂರಾರು ರೈತರ ಸಾಲ, ಠೇವಣಿಗಳ ಲೆಕ್ಕವಿದೆ. ಯಂತ್ರಕ್ಕೆ ಸದಾ ಅಂತರ್ಜಾಲದ ಸಂಪರ್ಕವೂ ಇದೆ. ಬೆಂಬಲವಿಲ್ಲದ ಆವೃತ್ತಿಯಲ್ಲಿ ಆ ಲೆಕ್ಕವನ್ನು ಇಡುವುದೆಂದರೆ ಬೀಗವಿಲ್ಲದ ಕಣಜದಲ್ಲಿ ಪರರ ಧಾನ್ಯವನ್ನು ಇಟ್ಟಂತೆ. ಅಲ್ಲಿ ಬದಲಾವಣೆ ಕರ್ತವ್ಯವೇ ಆಗುತ್ತದೆ.

ಗೋಕಾಕದ ಒಂದು ಬೆರಳಚ್ಚು ಕೇಂದ್ರದ ಸಮಸ್ಯೆ ಬೇರೆ ಬಗೆಯದು. ಅಲ್ಲಿ ಹಲವು ವರ್ಷಗಳಿಂದ ಹಳೆಯ ನುಡಿ ಅಕ್ಷರಗಳಲ್ಲಿ ಸಿದ್ಧಪಡಿಸಿದ ಕರಾರುಪತ್ರಗಳು, ಸ್ಮರಣಸಂಚಿಕೆಗಳು ಇರಬಹುದು. ಆ ಹಳೆಯ ಪದ್ಧತಿಯಲ್ಲಿ ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಲಾಗಿತ್ತು. ಹೊಸ ವ್ಯವಸ್ಥೆಯನ್ನು ಹಾಕುವಾಗ ಆ ಅಕ್ಷರವಿನ್ಯಾಸ ಕೈತಪ್ಪಿದರೆ, ಕನ್ನಡದ ಕರಾರು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಲೋಕದ ಲಿಪಿಗಳ ಅಕ್ಷರಗಳಿಗೆ ಪ್ರತ್ಯೇಕ ಸಂಕೇತಗಳನ್ನು ಕೊಟ್ಟ ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೂ ಸ್ಥಾನ ನೀಡಿತು. ವಿಂಡೋಸಿನಲ್ಲಿ ಅದಕ್ಕೆ ಆಸರೆ ದೊರೆತದ್ದು 2001ರ ಎಕ್ಸ್‌ಪಿ ಆವೃತ್ತಿಯಿಂದ. ಆದುದರಿಂದ ಹಳೆಯ ಕಡತಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ತಪ್ಪೊಪ್ಪುಗಳನ್ನು ನೋಡಿ, ಬಳಿಕ ಹೊಸ ಆವೃತ್ತಿಗೆ ಹೋಗುವುದು ವಿವೇಕ. ಅಲ್ಲಿಯ ಪ್ರಿಂಟರ್ ಹೊಸ ವ್ಯವಸ್ಥೆಯೊಡನೆ ಹೊಂದಿಕೊಳ್ಳುವುದೇ ಎಂಬುದನ್ನೂ ಮೊದಲೇ ವಿಚಾರಿಸಬೇಕು.

ಹುಕ್ಕೇರಿಯ ಒಂದು ಶಾಲೆಯಲ್ಲಿ ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರಗಳಿದ್ದರೆ ಅವುಗಳನ್ನು ಗುಜರಿಗೆ ಹಾಕಬೇಕಾದ ಅಗತ್ಯವಿಲ್ಲ. ಉಚಿತವಾಗಿ ದೊರೆಯುವ ಲಿನಕ್ಸ್ ವ್ಯವಸ್ಥೆಯ ಹಗುರವಾದ ಪ್ರಭೇದಗಳು ಹಳೆಯ ಯಂತ್ರಗಳಲ್ಲಿಯೂ ನಡೆಯುತ್ತವೆ. ಅವುಗಳಿಗೆ ಹೊಸ ತಿದ್ದುಪಡಿಗಳೂ ಬರುತ್ತವೆ. ಮಕ್ಕಳು ಬರೆಯಲು, ಲೆಕ್ಕ ಹಾಕಲು, ಚಿತ್ರ ಬಿಡಿಸಲು ಅವು ಸಾಕು.

ನಿರ್ಧಾರ ಯಾವುದೇ ಇರಲಿ, ಮೊದಲ ಹೆಜ್ಜೆ ಒಂದೇ. ಮುಖ್ಯವಾದ ಕಡತಗಳ ಪ್ರತಿಯನ್ನು ಬೇರೊಂದು ಸಾಧನದಲ್ಲಿ ಇಟ್ಟು, ಆ ಪ್ರತಿ ತೆರೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಹಲವು ಯಂತ್ರಗಳಿದ್ದಲ್ಲಿ ಒಂದನ್ನು ಮೊದಲು ಬದಲಿಸಿ, ಕೆಲವು ದಿನ ಕೆಲಸ ಮಾಡಿ ನೋಡಬೇಕು. ವಿಂಡೋಸ್ 10ರಿಂದ 11ಕ್ಕೆ ಏರಿದವರಿಗೆ ಸಾಮಾನ್ಯವಾಗಿ 10 ದಿನಗಳೊಳಗೆ ಹಿಂದಿರುಗುವ ಅವಕಾಶವಿರುತ್ತದೆ. ಸಂಘದ ವಾರ್ಷಿಕ ಲೆಕ್ಕ ಮುಗಿಯುವ ದಿನ, ಶಾಲೆಯ ಪರೀಕ್ಷೆಯ ವಾರ ಇಂಥ ಕೆಲಸಕ್ಕೆ ತಕ್ಕ ಕಾಲವಲ್ಲ.

ಹೊಸದೆಂಬ ಮೋಹದಿಂದ ಬದಲಿಸುವುದೂ ಹಳೆಯದೆಂಬ ಮಮತೆಯಿಂದ ಬದಲಿಸದಿರುವುದೂ ವಿಚಾರವಂತರ ಲಕ್ಷಣವಲ್ಲ. ಆ ಯಂತ್ರವನ್ನು ನಂಬಿ ಯಾರು ಏನನ್ನು ಒಪ್ಪಿಸಿದ್ದಾರೆಂಬುದನ್ನು ಮೊದಲು ನೋಡಬೇಕು. ಕೆಟ್ಟ ಯಂತ್ರದ ಬದಲಿಗೆ ಇನ್ನೊಂದನ್ನು ಅಂಗಡಿಯಿಂದ ತರಬಹುದು. ಕಳೆದುಹೋದ ರೈತನ ಲೆಕ್ಕವನ್ನಾಗಲಿ ಓದಲಾಗದಂತಾದ ಕನ್ನಡದ ಬರಹವನ್ನಾಗಲಿ ಯಾವ ಅಂಗಡಿಯೂ ಮಾರುವುದಿಲ್ಲ.